ಚೌತಿಗೆ ಫಲಾವಳಿ ಕಟ್ಟುವ ಬಗೆ

ಉತ್ತರ ಕನ್ನಡದ ಮನೆಗಳಲ್ಲಿ ಚೌತಿಯಂದು ಗಣಪತಿಯ ಮೇಲ್ಭಾಗದ ಮಾಡಿಗೆ (ಛಾವಣಿಗೆ) ಕಾಯಿ-ಹಣ್ಣು ಇಳಿಬಿಡುವುದೇ ಫಲಾವಳಿ. ಕಾರವಾರದ ಕೊಂಕಣಿಗರಿಗೆ ಇದು ಮಾಟೋಳಿ.

ಮೊದಲು ಚೌಕಟ್ಟು. 4 ಅಡಿ ಉದ್ದ, 3 ಅಡಿ ಅಗಲಕ್ಕೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಸಾಕು. ಅರ್ಧ ಅಡಿಗೊಂದರಂತೆ ಅಡ್ಡ-ಉದ್ದ ಜೋಡಿಸಿ, ಪ್ರತಿ ಕೂಡಿಗೆಯಲ್ಲೂ ಸುತ್ತಲಿ (ಸೆಣಬಿನ ದಾರ) ಬಿಗಿಯಿರಿ. ನಾಲ್ಕೂ ಮೂಲೆಗೆ ಹಗ್ಗ ಹಾಕಿ ಮಾಡಿನ ಜಂತಿಗೆ ಕಟ್ಟಿ. ಆರ್‌ಸಿಸಿ ಮನೆಯಾದರೆ ಕಾಂಕ್ರೀಟಿನಲ್ಲೇ ಕೂರಿಸಿದ ಕೊಕ್ಕೆ ಬೇಕು. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗಿಗೆ ಮಾತ್ರ ಬೇಡವೇ ಬೇಡ. ಸಿಪ್ಪೆಯಿರುವ ಒಂದು ತೆಂಗಿನಕಾಯಿಯೇ ಒಂದು ಕಿಲೋ ದಾಟುತ್ತದೆ, ಎಲ್ಲ ಸೇರಿದರೆ 20 ಕಿಲೋ ಸುಲಭವಾಗಿ ಆಗುತ್ತದೆ.

ಭಾರದವನ್ನು, ಅಂದರೆ ತೆಂಗಿನಕಾಯಿ, ಮೊಗೆಕಾಯಿ (ಸಾಂಬಾರು ಸೌತೆ), ಚಕ್ಕೋತ, ಬಾಳೆಗೊನೆಗಳನ್ನು, ನಾಲ್ಕು ಮೂಲೆಗೆ ಸಮನಾಗಿ ಹಂಚಿ ಮೊದಲು ಕಟ್ಟಿ. ಒಂದೇ ಬದಿಗೆ ಕಟ್ಟಿದರೆ ಚೌಕಟ್ಟು ವಾಲಿ, ಮಿಕ್ಕದ್ದೆಲ್ಲ ಅತ್ತಲೇ ಜಾರುತ್ತದೆ. ಆಮೇಲೆ ಹೀರೆ, ಹಾಗಲ, ಅಂಬಟೆ, ಹಸಿ ಅಡಿಕೆ. ಸಿಂಗಾರ (ಅಡಿಕೆಯ ಹೂಗೊಂಚಲು) ನಡುವೆ ಬಂದರೇ ಚಂದ.

ಕೊಯ್ಯುವಾಗಲೇ 2 ಇಂಚು ತೊಟ್ಟು ಉಳಿಸಿಕೊಳ್ಳಿ. ತೊಟ್ಟಿಲ್ಲದ ಕಾಯಿಗೆ ದಾರವನ್ನು ಕೂಡಿಸು ಚಿಹ್ನೆಯಂತೆ ಎರಡು ಸುತ್ತು ಹಾಕಿ ಮೇಲೆ ಗಂಟಿಡಿ. ಬಾಳೆನಾರು ನೋಡಲು ಸೊಗಸು, ಆದರೆ ಒಣಗಿದರೆ ಗಂಟು ಸಡಿಲಾಗುತ್ತದೆ. ಹಗುರ ಕಾಯಿಗಷ್ಟೇ ಬಳಸಿ. ಒದ್ದೆ ಕಾಯಿ ಒರೆಸದೆ ಕಟ್ಟಿದರೆ ಮಳೆಗಾಲದ ತೇವಕ್ಕೆ ಬೇಗ ಬೂಸಲು. ದೀಪದ ನೇರ ಮೇಲೆ ಏನನ್ನೂ ಇಳಿಬಿಡಬೇಡಿ, ಮೂರ್ತಿಯ ನೆತ್ತಿಯ ಮೇಲೆ ತೆಂಗಿನಕಾಯಿಯನ್ನಂತೂ ಅಲ್ಲವೇ ಅಲ್ಲ.