ಸಾಗರದಿಂದ ಥಾರ್‌ಗೆ: ಎರೆಭೂತ ನೋಡಲು ಹೋದ ನನ್ನ ಅನುಭವ

ಜೈಸಲ್ಮೇರಿನ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಆಸೆ ಇದ್ದರೆ, ಮೊದಲು ಬೆಳಗಿನ ಹೊತ್ತನ್ನು ಹಿಡಿದಿಟ್ಟುಕೊಳ್ಳಿ. ರೈಲು, ರೂಮು, ಕೋಟೆ, ಒಂಟೆ ಎಲ್ಲ ಆಮೇಲೆ. ನಾನು ಮಾಡಿದ್ದು ಹಾಗೆಯೇ. ಇರುವುದು ಕೆಲವೇ ದಿನ, ಹೋಗುತ್ತಿರುವುದು ಹಕ್ಕಿ, ಪ್ರಾಣಿ ನೋಡಲು. ಬಿಸಿಲೇರಿದ ಮೇಲೆ ಅಲ್ಲಿ ಬಯಲಿನ ಗಾಳಿ ನಡುಗತೊಡಗುತ್ತದೆ. ದೂರದಲ್ಲಿರುವುದು ಕಲ್ಲೋ ಹಕ್ಕಿಯೋ ದುರ್ಬೀನಿನಲ್ಲೂ ಗೊತ್ತಾಗುವುದಿಲ್ಲ.

ಹೊರಡುವ ಮೊದಲು ನಮ್ಮತ್ತಿಗೆ ಕೇಳಿದ್ದರು, "ಅಲ್ಲಿ ಎಂತ ನೋಡಕ್ಕಿದೆ ಮಾರಾಯ್ತಿ, ಬರೀ ಮರಳು ಅಲ್ವಾ?" ಬರೀ ಮರಳಲ್ಲ. 3,162 ಚದರ ಕಿಲೋಮೀಟರಿನ ಈ ಉದ್ಯಾನದಲ್ಲಿ ಮರಳ ದಿಬ್ಬಗಳು ಒಂದು ಪಾಲು ಅಷ್ಟೇ. ಉಳಿದದ್ದು ಕಲ್ಲುನೆಲ, ಗಟ್ಟಿ ಬಯಲು, ಹುಲ್ಲುಗಾವಲು. ಒಳಗೆ ಹಳ್ಳಿಗಳಿವೆ, ಕುರಿ ಮೇಕೆ ಮೇಯುತ್ತವೆ. ಸೇವಣ್ ಎಂಬ ಹುಲ್ಲು ದಂಟುದಂಟಾಗಿ ಗುಂಪು ಕಟ್ಟಿ ಬೆಳೆಯುತ್ತದೆ. ನಾನು ಅಷ್ಟು ದೂರ ಹೋಗಿದ್ದು ಆ ಹುಲ್ಲಿನಲ್ಲಿ ಓಡಾಡುವ ಎರೆಭೂತ ಎಂಬ ದೊಡ್ಡ ಹಕ್ಕಿಗಾಗಿ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ನಮ್ಮ ಪಕ್ಕದ ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲೂ ಒಂದು ಕಾಲದಲ್ಲಿ ಇದ್ದ ಹಕ್ಕಿ ಅದು. ಅಲ್ಲಿ ಹುಲ್ಲುಗಾವಲಿನ ಮೇಲೆ ನೀಲಗಿರಿ ನೆಟ್ಟರು. ಬಯಲು ಬೇಕಾದ ಹಕ್ಕಿಗೆ ಮರದ ತೋಪು ಯಾಕೆ? ಈಗ ದೇಶದಲ್ಲೆಲ್ಲ ಸೇರಿ ಕಾಡಿನಲ್ಲಿ ಉಳಿದಿರುವುದು 150ಕ್ಕಿಂತ ಕಡಿಮೆ ಎಂಬ ಅಂದಾಜಿದೆ. ಅದರಲ್ಲಿ ಹೆಚ್ಚಿನವು ಜೈಸಲ್ಮೇರ್ ಜಿಲ್ಲೆಯಲ್ಲೇ ಇವೆ.

ಕಾಲ ಗೊತ್ತು ಮಾಡುವುದು ನಮಗೆ ಸುಲಭವಾಯಿತು. ನವೆಂಬರಿನಿಂದ ಮಾರ್ಚ್ ಮೊದಲ ಭಾಗದವರೆಗೆ ಹೋಗಬಹುದು. ಆಮೇಲೆ ಬಿಸಿಲು ತಡೆಯಲಾಗದು. ಅಡಿಕೆ ಸುಗ್ಗಿ ಇರುವಾಗ ಮನೆ ಬಿಡುವ ಹಾಗಿಲ್ಲ. ಹಾಗಾಗಿ ಕೊನೆಕೊಯ್ಲು ಮುಗಿದ ಮೇಲೆ ಫೆಬ್ರವರಿ ಎಂದಾಯಿತು. ಮಾಘ ಹುಣ್ಣಿಮೆ ಯಾವತ್ತು ಎಂದು ಪಂಚಾಂಗದಲ್ಲಿ ನೋಡಿಕೊಂಡೆ. ಆ ಹೊತ್ತಿಗೆ ಜೈಸಲ್ಮೇರಿನಲ್ಲಿ ಮರು ಮಹೋತ್ಸವ ಎಂಬ ಮರುಭೂಮಿಯ ಹಬ್ಬ ನಡೆಯುತ್ತದೆ, ಜನ ಜಾಸ್ತಿ, ರೂಮಿನ ಬಾಡಿಗೆಯೂ ಜಾಸ್ತಿ. ಹಬ್ಬ ನೋಡುವವರಿಗೆ ಅದು ಚೆನ್ನ. ನಾವು ತಪ್ಪಿಸಿಕೊಂಡೆವು.

ಬೆಂಗಳೂರಿನಿಂದ ಜೋಧಪುರಕ್ಕೆ ಹೋಗುವ ರೈಲು ಹುಬ್ಬಳ್ಳಿ ಮೇಲೆ ಹೋಗುತ್ತದೆ. ಸಾಗರದವರು ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ, ಹುಬ್ಬಳ್ಳಿಗೆ ಬಸ್ಸು ಹಿಡಿದರೆ ಸಾಕು. ಅಲ್ಲಿಂದ ಸುಮಾರು ಒಂದೂವರೆ ದಿನದ ದಾರಿ. ಜೋಧಪುರದಿಂದ ಜೈಸಲ್ಮೇರಿಗೆ ಇನ್ನೊಂದು ರೈಲು, ಐದಾರು ಗಂಟೆ.

ಉಳಿಯುವ ಜಾಗ ಎಲ್ಲಿ ಅನ್ನುವುದರ ಮೇಲೆ ಇಡೀ ಪ್ರವಾಸ ನಿಂತಿದೆ. ಹೆಚ್ಚಿನವರು ಜೈಸಲ್ಮೇರ್ ಪಟ್ಟಣದಲ್ಲಿ ಉಳಿದು ಅಲ್ಲಿಂದ ದಿನಾ ಓಡಾಡುತ್ತಾರೆ. ಎರೆಭೂತಕ್ಕಾಗಿ ಬೇಲಿ ಹಾಕಿ ಕಾಪಾಡಿರುವ ಸುದಾಸರಿ ಹುಲ್ಲುಗಾವಲು ಪಟ್ಟಣದಿಂದ ಒಂದು ಗಂಟೆಗೂ ಮೇಲಿನ ದಾರಿ. ಪ್ರವಾಸಿಗರು ಹೋಗುವ ಸಮ್ ಎಂಬ ಊರಿನ ಮರಳ ದಿಬ್ಬಗಳೇ 40 ಕಿಲೋಮೀಟರ್ ಆಚೆ ಇವೆ. ಫೆಬ್ರವರಿ ಮೊದಲಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ ಏಳೂಕಾಲು ದಾಟಿರುತ್ತದೆ. ಹುಟ್ಟುವ ಹೊತ್ತಿಗೆ ನಾವು ಹುಲ್ಲುಗಾವಲಿನ ಬಾಯಲ್ಲಿರಬೇಕು ಅಂತ ಹತ್ತಿರದಲ್ಲೇ ಉಳಿದೆವು. ಸಮ್ ಕಡೆಯ ಟೆಂಟುಗಳಲ್ಲಿ ರಾತ್ರಿ ಹಾಡು, ಕುಣಿತ ಜೋರು. ಬೇಗ ಮಲಗಬೇಕಾದವರಿಗೆ ಖೂರಿ ಎಂಬ ಹಳ್ಳಿಯ ಕಡೆ ವಾಸಿ, ಅಲ್ಲಿ ಗಲಾಟೆ ಕಡಿಮೆ.

ಸುದಾಸರಿ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಜೈಸಲ್ಮೇರಿಗೆ ಇಳಿದ ದಿನವೇ ಆ ಕೆಲಸ ಮುಗಿಸಿ. ಬೆಳಗ್ಗೆ ಗೇಟಿನ ಹತ್ತಿರ ಹೋಗಿ ನೋಡೋಣ ಅಂದುಕೊಂಡರೆ ಬೆಲೆಬಾಳುವ ಹೊತ್ತೆಲ್ಲ ಅಲ್ಲೇ ಕಳೆಯುತ್ತದೆ. ಗಡಿ ಜಿಲ್ಲೆಯಾದ್ದರಿಂದ ಆಧಾರ್ ಕಾರ್ಡ್ ಯಾವಾಗಲೂ ಜೊತೆಗಿರಲಿ. ಜೀಪಿನವರ ಹತ್ತಿರ ಮೊದಲೇ ಬಿಡಿಸಿ ಹೇಳಿ: ದಿಬ್ಬದ ಮೇಲೆ ಹಾರಿಸುವುದು ಬೇಡ, ನಿಧಾನ ಹೋಗಬೇಕು, ಹೇಳಿದಾಗ ಎಂಜಿನ್ ಆರಿಸಬೇಕು. ನಮ್ಮ ಚಾಲಕ ಆ ಕಡೆಯ ಹಳ್ಳಿಯವರು. ನಾನು "ಭಾಯಿಸಾ" ಅಂತ ಕರೆದು ಹರುಕು ಹಿಂದಿಯಲ್ಲೇ ಇಷ್ಟು ಹೇಳಿದ್ದಕ್ಕೆ ಅವರಿಗೆ ಖುಷಿಯೇ ಆಯಿತು. ಹುಲ್ಲು ಎಲ್ಲಿ ಚೆನ್ನಾಗಿದೆ, ನರಿ ಬಿಲ ಎಲ್ಲಿದೆ ಅಂತ ಅವರೇ ತೋರಿಸುತ್ತಾ ಹೋದರು.

ಬಟ್ಟೆಬರೆಯ ಬಗ್ಗೆ ಮಲೆನಾಡಿನವರಿಗೆ ಬೇರೆಯಾಗಿಯೇ ಹೇಳಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಜೈಸಲ್ಮೇರಿನಲ್ಲಿ 200ರ ಆಸುಪಾಸು. ನಮ್ಮ ಚರ್ಮಕ್ಕೆ ಆ ಒಣಗಾಳಿ ಹೊಸದು, ತುಟಿ ಒಡೆಯುತ್ತದೆ. ಕೊಬ್ಬರಿ ಎಣ್ಣೆ ತುಂಬಾ ಉಪಯೋಗಕ್ಕೆ ಬಂತು. ಬೆಳಗಿನ ಚಳಿ ತೆರೆದ ಜೀಪಿನಲ್ಲಿ ಮೂಳೆಗೆ ಇಳಿಯುತ್ತದೆ. ಸ್ವೆಟರ್, ಮಂಕಿ ಟೋಪಿ, ಮೇಲೊಂದು ಕಂಬಳಿ ಬೇಕೇ ಬೇಕು. ಹತ್ತು ಗಂಟೆಗೆಲ್ಲ ಎಲ್ಲ ತೆಗೆದು ಹತ್ತಿ ಬಟ್ಟೆಯಲ್ಲಿರುತ್ತೀರಿ. ಅಲ್ಲಿ ಇಂಬಳದ ಕಾಟವಿಲ್ಲ, ಆದರೆ ಒಂದು ಹುಲ್ಲಿನ ಮುಳ್ಳುಬೀಜವಿದೆ, ಭುರಟ್ ಅನ್ನುತ್ತಾರೆ. ಉಣ್ಣೆಯ ಕಾಲುಚೀಲಕ್ಕೆ ಸಾಲಾಗಿ ಕಚ್ಚಿಕೊಳ್ಳುತ್ತದೆ, ಬೆರಳಲ್ಲಿ ಕೀಳಲು ಹೋದರೆ ಬೆರಳಿಗೇ ಚುಚ್ಚುತ್ತದೆ. ನುಣುಪು ಬಟ್ಟೆಯ ಪ್ಯಾಂಟು, ಪಾದ ಪೂರ್ತಿ ಮುಚ್ಚುವ ಶೂ ಹಾಕಿಕೊಳ್ಳಿ. ಬ್ಯಾಗಿನಲ್ಲಿ ಚಿಮಟ ಇರಲಿ.

ಎರೆಭೂತ ಕಂಡಿದ್ದು ಬಿಸಿಲು ಆಗತಾನೆ ಹುಲ್ಲಿನ ತುದಿ ಮುಟ್ಟಿದಾಗ. ದೂರದಲ್ಲಿ ಯಾರೋ ನೆಟ್ಟ ಬಿಳಿ ಗೂಟದ ಹಾಗಿತ್ತು. ಆ ಗೂಟ ನಡೆಯಿತು. ಉದ್ದ ಬಿಳಿ ಕತ್ತು, ತಲೆ ಮೇಲೆ ಕಪ್ಪು, ಕಂದು ಬೆನ್ನು. ಗಂಡು ಹಕ್ಕಿ 15 ಕಿಲೋವರೆಗೂ ತೂಗುತ್ತದೆ, ಆದರೂ ಹೆಜ್ಜೆ ಇಡುವುದು ಒಂದೊಂದೇ, ಅಳೆದಂತೆ. ಎರಡು ಹೆಜ್ಜೆ ಹಾಕಿ ನಿಲ್ಲುತ್ತಿತ್ತು. ಕತ್ತು ಬಗ್ಗಿಸಿದ ಕೂಡಲೇ ಹುಲ್ಲಿನಲ್ಲಿ ಪೂರ್ತಿ ಮಾಯ. ನಾವು ಇಳಿಯಲಿಲ್ಲ, ಹತ್ತಿರ ಹೋಗಲೂ ಇಲ್ಲ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ ಇಡುವ ಹಕ್ಕಿ. ಒಳ್ಳೆಯ ಫೋಟೋಗೋಸ್ಕರ ಅದನ್ನು ಓಡಿಸುವುದು ಖಂಡಿತ ತಪ್ಪು. ಬಯಲಿನಾಚೆ ಕಾಣುವ ವಿದ್ಯುತ್ ತಂತಿಗಳನ್ನು ನೋಡಿ ಸಂಕಟವಾಯಿತು. ಇದಕ್ಕೆ ಎದುರುನೋಟ ಕಡಿಮೆ, ಮೈ ಭಾರ. ಹಾರುವಾಗ ತಂತಿ ಕಂಡ ಮೇಲೆ ತಿರುಗಲಾಗದೆ ಬಡಿದು ಸಾಯುತ್ತದೆ.

ಅದೇ ಬೆಳಗ್ಗೆ ಚಿಂಕಾರಗಳು, ಒಂದು ಮರುಭೂಮಿ ನರಿ, ಸತ್ತ ಜಾನುವಾರಿನ ಸುತ್ತ ರಣಹದ್ದುಗಳು ಸಿಕ್ಕವು. ಮುಳ್ಳುಬಾಲದ ಹಲ್ಲಿ ಬೇಕೆಂದರೆ ಮಾರ್ಚ್ ಹೊತ್ತಿಗೆ ಹೋಗಿ, ಚಳಿಯಲ್ಲಿ ಅದು ಬಿಲ ಬಿಡುವುದು ಅಪರೂಪ.

ನಡುಹಗಲಿಗೆ ಅಕಲ್ ಎಂಬ ಕಡೆಯ ಕಲ್ಲಾದ ಮರಗಳ ಉದ್ಯಾನ ಇಟ್ಟುಕೊಳ್ಳಿ. ಜೈಸಲ್ಮೇರಿನಿಂದ ಬಾರ್ಮೇರ್ ರಸ್ತೆಯಲ್ಲಿ 17 ಕಿಲೋಮೀಟರ್. ಸುಮಾರು 18 ಕೋಟಿ ವರ್ಷ ಹಿಂದಿನ ಮರದ ದಿಮ್ಮಿಗಳು ಕಲ್ಲಾಗಿ ಬಿದ್ದಿವೆ. ಇವತ್ತು ಅಲ್ಲಿ ನೆರಳು ಕೊಡುವ ಮರ ಖೇಜ್ರಿ, ನಾವು ದಸರಾದಲ್ಲಿ ಪೂಜೆ ಮಾಡುವ ಬನ್ನಿಯೇ. ಅದರ ಎಳೆಕಾಯಿ ಒಣಗಿಸಿ ಕೇರ್ ಎಂಬ ಮುಳ್ಳುಪೊದೆಯ ಕಾಯಿ ಜೊತೆ ಪಲ್ಯ ಮಾಡುತ್ತಾರೆ. ಸಜ್ಜೆ ರೊಟ್ಟಿ ಜೊತೆ ಅದನ್ನು ತಿನ್ನದೆ ಬರಬೇಡಿ. ದೇವರ ಹೆಸರಲ್ಲಿ ಕಡಿಯದೆ ಬಿಟ್ಟ ಓರಣ್‌ಗಳೂ ಆ ಜಿಲ್ಲೆಯಲ್ಲಿವೆ. ನಮ್ಮ ದೇವರಕಾಡು ನೋಡಿ ಬೆಳೆದವರಿಗೆ ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ವಾಪಸ್ ಬರುವಾಗ ಅರ್ಧ ದಿನ ಉಳಿದರೆ ಜೋಧಪುರದ ದಾರಿಯಲ್ಲಿ ಸಿಗುವ ಫಲೋದಿಯಲ್ಲಿ ಇಳಿಯಿರಿ. ಪಕ್ಕದ ಖೀಚನ್ ಹಳ್ಳಿಗೆ ಚಳಿಗಾಲದಲ್ಲಿ ಸಾವಿರಾರು ಕುರ್ಜಾ ಕೊಕ್ಕರೆಗಳು ಬರುತ್ತವೆ, ಊರಿನವರು ಅವಕ್ಕೆ ಕಾಳು ಹಾಕುತ್ತಾರೆ. ಅದೂ ಬೆಳಗಿನ ಹೊತ್ತಿನದೇ. ಹಿಂದಿನ ರಾತ್ರಿ ಫಲೋದಿಯಲ್ಲೇ ಮಲಗುವ ಹಾಗೆ ಟಿಕೆಟ್ ಮಾಡಿಸಿಕೊಳ್ಳಿ.