ಅಂತ್ಯಕಾಲದ ನಿರ್ಧಾರಗಳ ಕುರಿತ ಸಂಶೋಧನೆ: ಶುಶ್ರೂಷಕರಿಗೆ ಒಂದು ಮಾರ್ಗದರ್ಶಿ

ಜೀವನದ ಕೊನೆಯ ಹಂತದ ಚಿಕಿತ್ಸಾ ನಿರ್ಧಾರಗಳನ್ನು ಸಂಶೋಧನೆಗೆ ಆರಿಸಿಕೊಳ್ಳುವ ಶುಶ್ರೂಷಕರು ಮೊದಲು ತಮ್ಮ ಪ್ರಶ್ನೆಯನ್ನು ಕಿರಿದುಗೊಳಿಸಿಕೊಳ್ಳಬೇಕು. ‘ಸಾಯುತ್ತಿರುವವರ ಆರೈಕೆ’ ಎಂಬ ವಿಷಯ ಯಾರ ಕೈಗೂ ಪೂರ್ತಿಯಾಗಿ ಸಿಗುವುದಿಲ್ಲ. ಪ್ರಜ್ಞೆ ಕಳೆದುಕೊಂಡ ತಂದೆಯ ವೆಂಟಿಲೇಟರ್ ಮುಂದುವರಿಸಬೇಕೇ ಬೇಡವೇ ಎಂಬುದನ್ನು ಮಗಳು ಯಾವ ಆಧಾರದ ಮೇಲೆ ನಿರ್ಧರಿಸುತ್ತಾಳೆ ಎಂಬುದನ್ನಾದರೆ ಅಧ್ಯಯನ ಮಾಡಬಹುದು. ಇಂಥ ಪ್ರಶ್ನೆಗಳು ತೀವ್ರ ನಿಗಾ ಘಟಕದಲ್ಲೋ ಡಯಾಲಿಸಿಸ್ ಘಟಕದಲ್ಲೋ ದುಡಿದವರಿಗೆ ಸಹಜವಾಗಿ ಹೊಳೆಯುವುದರಿಂದ, ಪಿಎಚ್‌ಡಿಗೆ ಮೊದಲು ಕೆಲವು ವರ್ಷ ರೋಗಿಗಳ ಬಳಿಯೇ ಕೆಲಸ ಮಾಡುವುದು ಒಳ್ಳೆಯದು.

ಹಿಂದಿನ ಅಧ್ಯಯನಗಳಲ್ಲಿ ವಿಫಲವಾದವುಗಳನ್ನೇ ಹೆಚ್ಚು ಗಮನವಿಟ್ಟು ಓದಬೇಕೆಂಬುದು ನನ್ನ ಅಭಿಪ್ರಾಯ. ಅಮೆರಿಕದ ಐದು ಆಸ್ಪತ್ರೆಗಳಲ್ಲಿ ನಡೆದು 1995ರಲ್ಲಿ ಪ್ರಕಟವಾದ ‘ಸಪೋರ್ಟ್’ ಅಧ್ಯಯನದಲ್ಲಿ, ತರಬೇತಿ ಪಡೆದ ಶುಶ್ರೂಷಕಿಯರು ರೋಗಿಗಳ ಇಚ್ಛೆಯನ್ನು ಕೇಳಿ ತಿಳಿದು, ಬದುಕುಳಿಯುವ ಸಾಧ್ಯತೆಯ ಅಂದಾಜಿನೊಡನೆ ಅದನ್ನು ವೈದ್ಯರಿಗೆ ತಲುಪಿಸಿದರು. ಆದರೂ ರೋಗಿಗಳು ತೀವ್ರ ನಿಗಾದಲ್ಲಿ ಕಳೆದ ದಿನಗಳಾಗಲಿ ಅನುಭವಿಸಿದ ನೋವಾಗಲಿ ಕಡಿಮೆಯಾಗಲಿಲ್ಲ. ಮಾಹಿತಿ ತಲುಪಿದ ಮಾತ್ರಕ್ಕೆ ನಿರ್ಧಾರ ಬದಲಾಗುವುದಿಲ್ಲವೆಂಬುದನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟ ಈ ಫಲಿತಾಂಶ, ಮುಂದಿನ ಸಂಶೋಧಕರು ಸಂಭಾಷಣೆಯ ಬಗೆಯನ್ನೂ ಕುಟುಂಬದವರ ಸಿದ್ಧತೆಯನ್ನೂ ಪರೀಕ್ಷಿಸಬೇಕಾದ ಅಗತ್ಯವನ್ನು ಎತ್ತಿ ಹಿಡಿಯಿತು. 2006ರಲ್ಲಿ ಹದಿನಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದರ ಪ್ರಕಾರ, ರೋಗಿಯ ಪರವಾಗಿ ನಿರ್ಧರಿಸುವವರ ಊಹೆ ರೋಗಿಯ ಇಚ್ಛೆಗೆ ಹೊಂದಿದ್ದು ಶೇ. 68ರಷ್ಟು ಸಂದರ್ಭಗಳಲ್ಲಿ ಮಾತ್ರ. ಉಳಿದ ಸಂದರ್ಭಗಳಲ್ಲಿ ಏನಾಗುತ್ತದೆ ಎಂಬುದೊಂದೇ ಹಲವು ವರ್ಷಗಳ ಕೆಲಸಕ್ಕೆ ಸಾಕು.

ಅಳತೆಯ ಸಾಧನಗಳನ್ನು ಹೊಸದಾಗಿ ರೂಪಿಸುವ ಮೊದಲು ಇರುವುದನ್ನು ನೋಡಿ. ಕೆನಡಾದ ಶುಶ್ರೂಷಾ ವಿದ್ವಾಂಸೆ ಅನೆಟ್ ಓ’ಕಾನರ್ 1995ರಲ್ಲಿ ಪ್ರಕಟಿಸಿದ, ನಿರ್ಧಾರದ ದ್ವಂದ್ವವನ್ನು, ಅಂದರೆ ಯಾವುದನ್ನು ಆರಿಸಬೇಕೆಂದು ತೋಚದ ಗೊಂದಲವನ್ನು, ಅಳೆಯುವ 16 ಅಂಶಗಳ ಮಾಪಕ ಇಂದಿಗೂ ಬಳಕೆಯಲ್ಲಿದೆ. ಮೊದಲು ಸಂದರ್ಶನಗಳು, ಆಮೇಲೆ ಸಣ್ಣ ಪ್ರಾಯೋಗಿಕ ಅಧ್ಯಯನ, ಕೊನೆಗೆ ಯಾದೃಚ್ಛಿಕ ಪ್ರಯೋಗ (ಭಾಗವಹಿಸುವವರನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಹೋಲಿಸುವುದು) ಎಂಬ ಕ್ರಮ ಅನುದಾನ ನೀಡುವವರಿಗೂ ಒಪ್ಪಿಗೆಯಾಗುತ್ತದೆ.

ಸಂದರ್ಶನದ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಮರಣದ ನಂತರ ಎಷ್ಟು ಕಾಲ ಬಿಟ್ಟು ಕುಟುಂಬವನ್ನು ಸಂಪರ್ಕಿಸಬೇಕೆಂಬುದನ್ನು ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿಯೊಡನೆ ಮುಂಚೆಯೇ ನಿಗದಿ ಮಾಡಿಕೊಳ್ಳಬೇಕು. ‘ನಾನೇ ಬೇಡ ಅಂದೆ’ ಎಂದು ಹೇಳಿ ಮಗ ಮಾತು ನಿಲ್ಲಿಸಿದಾಗ ಮುಂದಿನ ಪ್ರಶ್ನೆಗೆ ಹೋಗದೆ ಸುಮ್ಮನೆ ಕಾಯಬೇಕು. ಧ್ವನಿಮುದ್ರಣ ನಿಲ್ಲಿಸಲೇ ಎಂದು ಕೇಳಬೇಕು. ಆಪ್ತಸಮಾಲೋಚಕರ ದೂರವಾಣಿ ಸಂಖ್ಯೆ ಕೈಯಲ್ಲಿರಬೇಕು. ಆ ಧ್ವನಿಮುದ್ರಣಗಳನ್ನು ದಿನವಿಡೀ ಕೇಳಿ ಬರಹಕ್ಕಿಳಿಸುವ ಸಹಾಯಕರಿಗೂ ಅದೇ ಸಮಾಲೋಚಕರ ನೆರವು ಸಿಗುವಂತೆ ಅಧ್ಯಯನದ ಬಜೆಟ್ಟಿನಲ್ಲೇ ಹಣ ತೆಗೆದಿರಿಸಬೇಕು.