ಒಂದೇ ಸ್ಯಾಂಪ್ಲರ್‌ನಲ್ಲಿ ಡ್ರಮ್ ಅಂಡ್ ಬೇಸ್ ಆಲ್ಬಂ: ನನ್ನ ಅನುಭವ

ಡ್ರಮ್ ಅಂಡ್ ಬೇಸ್ ಅಂದರೆ ವೇಗದ ಡ್ರಮ್, ಆಳದ ಬೇಸ್ ಇರುವ ಕ್ಲಬ್ ಸಂಗೀತ. "ಈ ಸಂಗೀತ ಒಂದೆರಡು ಹಾಡಿನ 12 ಇಂಚಿನ ಸಿಂಗಲ್‌ಗೆ ಸರಿ, ಆಲ್ಬಂಗೆ ಆಗಲ್ಲ" ಅಂತ 1994ರ ಲಂಡನ್‌ನಲ್ಲಿ ನನಗೆ ಹೇಳದವರಿಲ್ಲ. ಮುಂದಿನ ವರ್ಷ ಗೋಲ್ಡಿ ಅನ್ನೋ ಕಲಾವಿದನ ಡ್ರಮ್ ಅಂಡ್ ಬೇಸ್ ಆಲ್ಬಂ 'ಟೈಮ್‌ಲೆಸ್' ಬಂತು. ಆಗ ಮಾತು ಬದಲಾಯಿತು: "ಅವನಿಗೆ ದೊಡ್ಡ ಕಂಪನಿ ಇದೆ, ನಿನಗೇನಿದೆ?"

ನನಗಿದ್ದದ್ದು ಸೆಕೆಂಡ್ ಹ್ಯಾಂಡ್ ಅಕಾಯ್ ಎಸ್950 ಸ್ಯಾಂಪ್ಲರ್ (ಸದ್ದಿನ ತುಣುಕು ಹಿಡಿದು ಬೇಕಾದ ಹಾಗೆ ನುಡಿಸೋ ಯಂತ್ರ), ಕ್ಯೂಬೇಸ್ ಅನ್ನೋ ಸಂಗೀತದ ಸಾಫ್ಟ್‌ವೇರ್ ಹಾಕಿದ ಅಟಾರಿ ಕಂಪ್ಯೂಟರ್, ಎರವಲು ತಂದ ಡ್ಯಾಟ್ (ಡಿಜಿಟಲ್ ಟೇಪ್ ರೆಕಾರ್ಡರ್). ಸ್ಯಾಂಪ್ಲರ್‌ಗೆ ಸುಮಾರು 550 ಪೌಂಡ್ ಕೊಟ್ಟ ನೆನಪು. ರಾತ್ರಿ ಪಾಳಿಯ ದುಡ್ಡು. ಮೆಮೊರಿ ಮುಕ್ಕಾಲು ಮೆಗಾಬೈಟ್ ಅಷ್ಟೇ. ಹಾಗಾಗಿ ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45ರ ವೇಗದಲ್ಲಿ ಓಡಿಸಿ ಸ್ಯಾಂಪಲ್ ಮಾಡುತ್ತಿದ್ದೆ. ಆಮೇಲೆ ಶ್ರುತಿಯನ್ನು ಐದು ಸೆಮಿಟೋನ್‌ಗಿಂತ (ಅರ್ಧ ಸ್ವರ) ಚೂರು ಜಾಸ್ತಿ ಕೆಳಗಿಳಿಸಿದರೆ ಆಯ್ತು. ಕಾಲು ಭಾಗ ಜಾಗ ಉಳಿಯುತ್ತಿತ್ತು.

ಅಮೆನ್ ಬ್ರೇಕ್ ಅನ್ನೋ ಹಳೇ ಹಾಡೊಂದರ ಹೆಸರಾಂತ ಡ್ರಮ್ ತುಣುಕಿಗೆ ಎಲ್ಲರೂ ಟೈಮ್‌ಸ್ಟ್ರೆಚ್ (ಶ್ರುತಿ ಬದಲಿಸದೆ ವೇಗ ಬದಲಿಸೋದು) ಮಾಡು ಅಂದರು. ಆ ತಗಡಿನ ಸದ್ದು ಒಂದು ಹಾಡಿಗೆ ಚೆನ್ನ, ಎಂಟಕ್ಕೆ ತಲೆನೋವು. ನಾನು ಒಂದೊಂದೇ ಹೊಡೆತ ಕತ್ತರಿಸಿ, ಕೀಗಳಿಗೆ ಹಂಚಿ, ನಿಮಿಷಕ್ಕೆ 168 ಬೀಟ್‌ನಲ್ಲಿ ಮತ್ತೆ ಜೋಡಿಸಿದೆ. ಮೊದಲ ಹಾಡಿಗೆ ಮೂರು ವಾರ ಹಿಡಿಯಿತು. ರೂಮ್‌ಮೇಟ್ ಮನೆ ಬಿಟ್ಟು ಹೋದ. ಆದರೆ ಡ್ರಮ್ ಉಸಿರಾಡತೊಡಗಿತು. ಸ್ನೇರ್ ಡ್ರಮ್ಮಿನ ಸಣ್ಣ ಹೊಡೆತಗಳನ್ನು ಗ್ರಿಡ್‌ನಿಂದ (ಕಂಪ್ಯೂಟರಿನ ಕರಾರುವಾಕ್ಕಾದ ತಾಳದ ಗೆರೆ) ಎಷ್ಟು ಹಿಂದೆ ಇಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಹುಚ್ಚು. ಮೈಸೂರಿನಿಂದ ಸೋದರಮಾವ ಕಳಿಸಿದ್ದ ತನಿ ಆವರ್ತನದ (ಕಚೇರಿಯಲ್ಲಿ ಮೃದಂಗದ ಒಂಟಿ ವಾದನ) ಕ್ಯಾಸೆಟ್ ಇತ್ತು. ಮೃದಂಗದ ಎಡಗಡೆ, ಆ ರವೆ ಮೆತ್ತಿದ ತೊಪ್ಪಿಯ ಸದ್ದನ್ನು ಇಳಿಸಿದರೆ ಬೇಸ್ ಆಗುತ್ತೆ ಅಂದುಕೊಂಡೆ. ಕ್ಯಾಸೆಟ್ಟಿನ ಸೊಯ್ ಅನ್ನೋ ಸದ್ದು ಮಾತ್ರ ಬಂತು! ಎರಡು ತಿಂಗಳು ಹಾಳು. ಕೊನೆಗೆ ಮೃದಂಗದ ಒಂದು ಚಾಪು ಹೊಡೆತ ಮಾತ್ರ ಉಳಿಯಿತು. ಮೂರನೇ ಹಾಡಿನಲ್ಲಿ ಸ್ನೇರ್ ಕೆಳಗೆ ಅಡಗಿದೆ, ಹೇಳದಿದ್ದರೆ ಯಾರಿಗೂ ಗೊತ್ತಾಗಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಬೇಸ್‌ನಲ್ಲಿ. ಅಗಲವಾಗಿ ಕೇಳಲಿ ಅಂತ ಅದಕ್ಕೆ ಸ್ಟೀರಿಯೋ ಕೋರಸ್ (ಸದ್ದನ್ನು ಎಡ-ಬಲಕ್ಕೆ ಹರಡೋ ಎಫೆಕ್ಟ್) ಹಾಕಿದ್ದೆ. ಡಬ್‌ಪ್ಲೇಟ್ (ಪರೀಕ್ಷೆಗೆ ಕೊರೆಸೋ ಒಂಟಿ ಡಿಸ್ಕ್) ಮಾಡಿಸಿದೆ, ಒಂದಕ್ಕೆ 25 ಪೌಂಡ್ ಹತ್ತಿರ. ಕ್ಲಬ್ಬಿನಲ್ಲಿ ಸೂಜಿ ಎಗರಿಬಿತ್ತು, ನೂರಾರು ಜನರ ಎದುರು. ಬೇಸ್‌ನ ಎಡ-ಬಲ ಸದ್ದು ಒಂದಕ್ಕೊಂದು ವಿರುದ್ಧವಾದರೆ ರೆಕಾರ್ಡಿನ ಗೀರು ಮೇಲೆ-ಕೆಳಗೆ ಕುಣಿಯುತ್ತೆ, ಸೂಜಿ ನಿಲ್ಲಲ್ಲ. ಮೂರು ಪ್ಲೇಟ್ ಕಸಕ್ಕೆ ಹೋದ ಮೇಲೆ, ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಮೋನೋ (ಎಡ-ಬಲ ಒಂದೇ) ಮಾಡಿದೆ.

ಒಂದೇ ಡಿಸ್ಕ್‌ನಲ್ಲಿ ಮುಗಿಸೋಣ ಅಂತಿದ್ದೆ. ಒಂದು ಮಗ್ಗುಲಿಗೆ 22 ನಿಮಿಷ ತುರುಕಿದರೆ ಸದ್ದು ಸೊರಗಿತು. ಎರಡು ಡಿಸ್ಕ್, ಮಗ್ಗುಲಿಗೆ 11 ನಿಮಿಷ, 45ರ ವೇಗ. ಖರ್ಚು ಹೆಚ್ಚುಕಮ್ಮಿ ಇಮ್ಮಡಿ. 500 ಒತ್ತಿಸಿದೆ, ಅಂಗಡಿಯಿಂದ ಅಂಗಡಿಗೆ ಹೊತ್ತು ಮಾರಿದೆ. ಒಂದೂವರೆ ವರ್ಷದಲ್ಲಿ ಅಸಲು ಬಂತು. ಆಲ್ಬಂ ಆಗಲ್ಲ ಅಂದಿದ್ದವರಲ್ಲಿ ಇಬ್ಬರು ದುಡ್ಡು ಕೊಟ್ಟೇ ಕೊಂಡರು.

ಮಾವನಿಗೂ ಒಂದು ಕಳಿಸಿದೆ. "ನಡೆ ಚೆನ್ನಾಗಿದೆ ಕಣೋ, ನಿಧಾನವಾಗಿ, ಗಂಭೀರವಾಗಿ" ಅಂತ ಕಾಗದ ಬರೆದರು. 33ರಲ್ಲಿ ಹಾಕಿಕೊಂಡು ಕೇಳಿದ್ದರು.